ಸತ್ತವರ ಹೆಸರು ಓದುತ್ತಿದ್ದ ಆರ್ಚ್‌ಬಿಷಪ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವೆಲ್ಲ ಉರುಹೊಡೆಯುವ ಪಟ್ಟಿಗಳಲ್ಲಿ ದಿನಾಚರಣೆಗಳದ್ದೂ ಒಂದು. ಮಾರ್ಚ್ 24 ಅಂದರೆ ವಿಶ್ವ ಕ್ಷಯರೋಗ ದಿನ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಅದೇ ದಿನಕ್ಕೆ ವಿಶ್ವಸಂಸ್ಥೆ 2010ರಲ್ಲಿ ಇನ್ನೊಂದು ಹೆಸರನ್ನೂ ಕೊಟ್ಟಿತು. ಮಾನವ ಹಕ್ಕುಗಳ ಘೋರ ಉಲ್ಲಂಘನೆ ನಡೆದಾಗ ಸತ್ಯವನ್ನು ತಿಳಿಯುವ ಹಕ್ಕಿನ ದಿನ ಅದು. ಅದಕ್ಕೆ ಈ ತಾರೀಖನ್ನೇ ಯಾಕೆ ಆರಿಸಿದರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಆಸ್ಕರ್ ರೊಮೆರೊ. 1980ರ ಮಾರ್ಚ್ 24ರಂದು ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ, ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದ ಕ್ಯಾಥೊಲಿಕ್ ಆರ್ಚ್‌ಬಿಷಪ್.

ಧರ್ಮದವರು ರಾಜಕೀಯ ಮಾತಾಡಬಾರದು ಎಂಬ ಮಾತು ನಮಗೆ ಹೊಸದಲ್ಲ. ಕ್ರೈಸ್ತರ ಚರ್ಚ್‌ಗಳ ಒಳಗೂ ಇದೇ ವಾದ ಇಂದಿಗೂ ನಡೆಯುತ್ತಿದೆ. ಸುವಾರ್ತೆ ಇರುವುದು ಆತ್ಮದ ಉದ್ಧಾರಕ್ಕೆ, ಬೀದಿಯ ಗೊಡವೆ ಬೇಡ ಎನ್ನುವವರು ಒಂದು ಕಡೆ. ಬಡವನ ಹೊಟ್ಟೆಯನ್ನು ಮರೆತ ಸುವಾರ್ತೆ ಸುವಾರ್ತೆಯೇ ಅಲ್ಲ ಎನ್ನುವವರು ಇನ್ನೊಂದು ಕಡೆ. ತಮ್ಮ ಚರ್ಚನ್ನೇ ಒಂದು ಪಕ್ಷದ ವೇದಿಕೆ ಮಾಡಿಕೊಂಡವರೂ ಹಲವು ದೇಶಗಳಲ್ಲಿದ್ದಾರೆ. ರೊಮೆರೊ ಈ ವಾದದಲ್ಲಿ ತಮ್ಮ ಬದುಕಿನ ಬಹುಭಾಗ ಮೊದಲ ಗುಂಪಿನ ಹತ್ತಿರವೇ ಇದ್ದವರು. ಹಾಗಾಗಿಯೇ ಅವರ ಕತೆ ನನಗೆ ಮುಖ್ಯ ಅನಿಸಿತು.

ಎಲ್ ಸಾಲ್ವಡಾರ್ ತೀರಾ ಪುಟ್ಟ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಒಂಬತ್ತನೇ ಒಂದು ಭಾಗದಷ್ಟು. ಅಲ್ಲಿ ಕಾಫಿಯೇ ಸಂಪತ್ತು, ಕಾಫಿಯೇ ಅಧಿಕಾರ. ಒಳ್ಳೆಯ ಭೂಮಿಯೆಲ್ಲ ಬೆರಳೆಣಿಕೆಯ ಮನೆತನಗಳ ಕೈಯಲ್ಲಿತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಕೂಲಿ ಸಿಗುತ್ತಿದ್ದ ಜನ ಉಳಿದ ದಿನ ಹೇಗೋ ಬದುಕಬೇಕಿತ್ತು. 1932ರಲ್ಲಿ ರೈತರು ದಂಗೆ ಎದ್ದಾಗ ಸೈನ್ಯ ಸಾವಿರಾರು ಜನರನ್ನು ಕೊಂದುಹಾಕಿತು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಅರ್ಧ ಶತಮಾನ ದೇಶವನ್ನು ಆಳಿದ್ದು ಸೇನಾಧಿಕಾರಿಗಳೇ.

ಇಂಥ ದೇಶದ ಸಿಯುದಾದ್ ಬಾರಿಯೋಸ್ ಎಂಬ ಬೆಟ್ಟದೂರಿನಲ್ಲಿ 1917ರ ಆಗಸ್ಟ್ 15ರಂದು ರೊಮೆರೊ ಹುಟ್ಟಿದರು. ತಂದೆ ತಂತಿ ಕಚೇರಿಯ ನೌಕರ. ಮನೆತುಂಬ ಮಕ್ಕಳು. ಶಾಲೆ ಮುಗಿದ ಮೇಲೆ ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಮರಗೆಲಸ ಕೈಗೆ ಹತ್ತಿತು, ಮನಸ್ಸು ಮಾತ್ರ ಪಾದ್ರಿಯಾಗುವ ಕಡೆಗಿತ್ತು. ಹದಿಮೂರರ ವಯಸ್ಸಿಗೆ ಸಾನ್ ಮಿಗೆಲ್ ನಗರದ ಗುರುಮಠ ಸೇರಿದರು. ಮುಂದೆ ರೋಮ್‌ನಲ್ಲಿ ಓದಿ, ಎರಡನೇ ಮಹಾಯುದ್ಧದ ನಡುವೆಯೇ 1942ರಲ್ಲಿ ಅಲ್ಲಿ ಗುರುದೀಕ್ಷೆ ಪಡೆದರು.

ಊರಿಗೆ ಮರಳಿ ಸಾನ್ ಮಿಗೆಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದರು. ಜೈಲಿನ ಕೈದಿಗಳನ್ನು ನೋಡಲು ಹೋಗುತ್ತಿದ್ದರು, ಕುಡಿತ ಬಿಡಿಸುತ್ತಿದ್ದರು, ಹಸಿದವರಿಗೆ ಊಟ ಕೊಡಿಸುತ್ತಿದ್ದರು. ಶ್ರೀಮಂತರಿಂದ ದಾನ ತಂದು ಬಡವರಿಗೆ ಕೊಡುವುದು ಅವರ ಕ್ರಮ. ಬಡತನ ಯಾಕಿದೆ ಎಂದು ಗಟ್ಟಿಯಾಗಿ ಕೇಳುವುದು ಅವರ ಸ್ವಭಾವವಾಗಿರಲಿಲ್ಲ. 1968ರಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್‌ಗಳು ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಸೇರಿ, ಚರ್ಚ್ ಬಡವರ ಪಕ್ಕ ನಿಲ್ಲಬೇಕು, ಅನ್ಯಾಯದ ವ್ಯವಸ್ಥೆಯೂ ಒಂದು ಪಾಪವೇ ಎಂಬ ನಿಲುವಿಗೆ ಬಂದರು. ಹಲವು ಯುವ ಪಾದ್ರಿಗಳು ಹಳ್ಳಿಗಳಿಗೆ ಹೋಗಿ ರೈತರೊಂದಿಗೆ ಬೈಬಲ್ ಓದತೊಡಗಿದರು. ರೊಮೆರೊಗೆ ಅದರಲ್ಲಿ ರಾಜಕೀಯದ ವಾಸನೆ ಕಂಡಿತು. ಚರ್ಚಿನ ವಾರಪತ್ರಿಕೆಯ ಸಂಪಾದಕರಾಗಿ ಅವರು ಅಂಥವರನ್ನು ಟೀಕಿಸಿಯೂ ಬರೆದರು.

1974ರಲ್ಲಿ ಅವರು ಸಾಂತಿಯಾಗೊ ದೆ ಮರಿಯಾ ಎಂಬ ಕಾಫಿ ಸೀಮೆಗೆ ಬಿಷಪ್ ಆದರು. ಕೊಯ್ಲಿಗೆ ಬಂದ ಕೂಲಿಗಳು ಬೆಟ್ಟದ ಚಳಿಯಲ್ಲಿ ಬಯಲಲ್ಲೇ ಮಲಗುವುದನ್ನು ಕಂಡು ಚರ್ಚಿನ ಕಟ್ಟಡಗಳನ್ನು ರಾತ್ರಿ ಅವರಿಗೆ ತೆರೆದುಕೊಟ್ಟರು. ಕಾನೂನಿನ ಪ್ರಕಾರ ಕೊಡಬೇಕಾದ ಕೂಲಿಯನ್ನೂ ಕೆಲವು ಮಾಲೀಕರು ಕೊಡುತ್ತಿಲ್ಲ ಎಂಬುದು ಅಲ್ಲಿ ಅವರ ಕಣ್ಣಿಗೆ ಬಿತ್ತು. 1975ರ ಜೂನ್‌ನಲ್ಲಿ ತ್ರೆಸ್ ಕಾಯೆಸ್ ಎಂಬ ಹಳ್ಳಿಯಲ್ಲಿ ನ್ಯಾಷನಲ್ ಗಾರ್ಡ್‌ನವರು ರಾತ್ರೋರಾತ್ರಿ ಮನೆಗಳಿಗೆ ನುಗ್ಗಿ ರೈತರನ್ನು ಕೊಂದರು. ರೊಮೆರೊ ಆ ಮನೆಗಳಿಗೆ ಹೋಗಿ ಸಾಂತ್ವನ ಹೇಳಿದರು. ಪರಿಚಯದವರೇ ಆಗಿದ್ದ ಅಧ್ಯಕ್ಷರಿಗೆ ಪತ್ರ ಬರೆದರು. ಅದು ಖಾಸಗಿ ಪತ್ರ. ಬಹಿರಂಗವಾಗಿ ಏನನ್ನೂ ಹೇಳಲಿಲ್ಲ. ದೊಡ್ಡವರ ಕಿವಿಗೆ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಅವರಿಗೆ ಆಗ ಇನ್ನೂ ಇತ್ತು.

1977ರ ಫೆಬ್ರುವರಿಯಲ್ಲಿ ಅವರನ್ನು ರಾಜಧಾನಿ ಸಾನ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಗಿ ನೇಮಿಸಿದಾಗ ಶ್ರೀಮಂತರು ಸಮಾಧಾನಪಟ್ಟರು. ಹಳ್ಳಿಗಳಲ್ಲಿ ದುಡಿಯುತ್ತಿದ್ದ ಪಾದ್ರಿಗಳು ತಲೆಯ ಮೇಲೆ ಕೈಹೊತ್ತು ಕೂತರು. ರೊಮೆರೊಗೆ ಆಗ 59 ವರ್ಷ.

ಮಾರ್ಚ್ 12ರ ಸಂಜೆ ಎಲ್ಲ ಬದಲಾಯಿತು. ಅಗಿಲಾರೆಸ್ ಎಂಬ ಕಬ್ಬಿನ ಸೀಮೆಯಲ್ಲಿ ರೈತರ ನಡುವೆ ದುಡಿಯುತ್ತಿದ್ದ ಫಾದರ್ ರುತಿಲಿಯೊ ಗ್ರಾಂದೆ ಬಲಿಪೂಜೆಗೆಂದು ಹೊರಟಿದ್ದಾಗ ದಾರಿಯಲ್ಲೇ ಗುಂಡಿಕ್ಕಿ ಕೊಂದರು. ಜೊತೆಗಿದ್ದ ಮ್ಯಾನುಯೆಲ್ ಸೊಲೋರ್ಸಾನೊ ಎಂಬ ವೃದ್ಧನೂ, ನೆಲ್ಸನ್ ಲೆಮುಸ್ ಎಂಬ ಹುಡುಗನೂ ಸತ್ತರು. ಗ್ರಾಂದೆ ರೊಮೆರೊ ಅವರ ಆಪ್ತ ಗೆಳೆಯ. 1970ರಲ್ಲಿ ರೊಮೆರೊ ಬಿಷಪ್ ಆದ ಸಮಾರಂಭವನ್ನು ಮುಂದೆ ನಿಂತು ನಡೆಸಿಕೊಟ್ಟವರು ಅವರೇ. ಅಂದು ರಾತ್ರಿ ರೊಮೆರೊ ಆ ಮೂರು ಶವಗಳ ಮುಂದೆ ನಿಂತರು, ಅಲ್ಲಿ ಸೇರಿದ್ದ ರೈತರ ಮಾತು ಕೇಳಿದರು.

ಈ ಸಲ ಅವರು ಖಾಸಗಿ ಪತ್ರಕ್ಕೆ ನಿಲ್ಲಿಸಲಿಲ್ಲ. ಕೊಲೆಯ ತನಿಖೆ ಆಗುವವರೆಗೂ ಸರ್ಕಾರದ ಯಾವ ಸಮಾರಂಭಕ್ಕೂ ಬರುವುದಿಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೂ ಹೋಗಲಿಲ್ಲ. ಮಾರ್ಚ್ 20ರ ಭಾನುವಾರ ತಮ್ಮ ವ್ಯಾಪ್ತಿಯ ಎಲ್ಲ ಚರ್ಚ್‌ಗಳಲ್ಲೂ ಬಲಿಪೂಜೆ ನಿಲ್ಲಿಸಿ, ಪ್ರಧಾನ ದೇವಾಲಯದಲ್ಲಿ ಒಂದೇ ಒಂದು ಪೂಜೆ ನಡೆಸಿದರು. ಅದು ಬೇಡ ಎಂದು ಪೋಪ್ ಅವರ ರಾಯಭಾರಿಯೇ ವಿರೋಧಿಸಿದ್ದರು. ಆದರೂ ಸುಮಾರು ಒಂದು ಲಕ್ಷ ಜನ ಸೇರಿದರು.

ಆಮೇಲಿನ ಮೂರು ವರ್ಷ ಅವರು ಮಾಡಿದ ಕೆಲಸವನ್ನು ಓದುವಾಗ ನನಗೆ ಎದ್ದು ಕಂಡದ್ದು ಅವರ ಪ್ರವಚನ ಶೈಲಿಗಿಂತ ಮಾಹಿತಿಯ ಶಿಸ್ತು. ಆಗಿನ ಪತ್ರಿಕೆಗಳಲ್ಲಿ ಸೈನ್ಯದ ಕೊಲೆಗಳ ಸುದ್ದಿ ಬರುತ್ತಿರಲಿಲ್ಲ. ನಾಪತ್ತೆಯಾದ ಮಗನನ್ನು ಹುಡುಕುವ ತಾಯಿಗೆ ಪೊಲೀಸ್ ಠಾಣೆಯಲ್ಲಿ ಉತ್ತರ ಸಿಗುತ್ತಿರಲಿಲ್ಲ. ಅಂಥವರೆಲ್ಲ ಆರ್ಚ್‌ಬಿಷಪ್ ಕಚೇರಿಗೆ ಬರತೊಡಗಿದರು. ಅಲ್ಲಿ ಸೊಕೊರೊ ಹುರಿದಿಕೊ ಎಂಬ ಉಚಿತ ಕಾನೂನು ನೆರವಿನ ಘಟಕವಿತ್ತು. ಅದನ್ನು ನಡೆಸುತ್ತಿದ್ದವರು ಯುವ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳು, ಅಂದರೆ ನಮ್ಮ ವಯಸ್ಸಿನವರೇ. ಅವರು ದೂರು ಬರೆದುಕೊಳ್ಳುತ್ತಿದ್ದರು, ಸಾಕ್ಷಿಗಳ ಹೇಳಿಕೆ ಪಡೆಯುತ್ತಿದ್ದರು, ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಖಚಿತ ಮಾಡಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಆ ಹೆಸರುಗಳು ದೇವಾಲಯದ ವೇದಿಕೆಗೆ ಬರುತ್ತಿದ್ದವು. ರೊಮೆರೊ ಮೊದಲು ಆ ದಿನದ ಬೈಬಲ್ ಪಾಠವನ್ನು ವಿವರಿಸುತ್ತಿದ್ದರು. ನಂತರ ಆ ವಾರ ಕೊಲೆಯಾದವರು, ಬಂಧನವಾದವರು, ಕಾಣೆಯಾದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದರು. ಚರ್ಚಿನ ರೇಡಿಯೊ ಅದನ್ನು ನೇರವಾಗಿ ಬಿತ್ತರಿಸುತ್ತಿತ್ತು. ಪ್ರವಚನ ಒಂದು ಗಂಟೆಗೂ ಮೀರಿ ಸಾಗಿದರೂ ಜನ ರೇಡಿಯೊ ಆರಿಸುತ್ತಿರಲಿಲ್ಲ. ಓದು ಬರಹ ಬಾರದ ರೈತನಿಗೆ ಅದೇ ದಿನಪತ್ರಿಕೆ. ರೇಡಿಯೊ ಕೇಂದ್ರಕ್ಕೆ ಮತ್ತೆ ಮತ್ತೆ ಬಾಂಬ್ ಇಟ್ಟರು. ಪ್ರತಿ ಸಲವೂ ರಿಪೇರಿ ಮಾಡಿ ಮತ್ತೆ ಶುರು ಮಾಡಿದರು.

ಹಾಗಾದರೆ ಅವರು ಎಡಪಂಥೀಯ ಬಂಡುಕೋರರ ಪರವೇ? ವಿರೋಧಿಗಳು ಹಾಗೇ ಪ್ರಚಾರ ಮಾಡಿದರು. ಆದರೆ ಬಂಡುಕೋರರು ಮಂತ್ರಿಗಳನ್ನೋ ಉದ್ಯಮಿಗಳನ್ನೋ ಅಪಹರಿಸಿದಾಗ, ಕೊಂದಾಗ ಅದನ್ನೂ ಅವರು ಅಷ್ಟೇ ಸ್ಪಷ್ಟವಾಗಿ ಖಂಡಿಸಿದರು. 1978ರಲ್ಲಿ ಬಿಷಪ್ ರಿವೇರಾ ಇ ದಮಾಸ್ ಜೊತೆಗೂಡಿ ಬರೆದ ಪತ್ರದಲ್ಲಿ, ಸಂಘ ಕಟ್ಟಿಕೊಳ್ಳುವುದು ರೈತರ ಹಕ್ಕು ಎಂದರು. ಚರ್ಚ್ ಮಾತ್ರ ಯಾವ ಸಂಘಟನೆಯ ಜೊತೆಗೂ ತನ್ನನ್ನು ಒಂದೇ ಎಂದು ಗುರುತಿಸಿಕೊಳ್ಳಬಾರದು ಎಂದೂ ಅದರಲ್ಲೇ ಸೇರಿಸಿದರು. ಮರುವರ್ಷದ ಪತ್ರದಲ್ಲಿ ಹಣವನ್ನು ದೇವರಾಗಿಸುವುದು ಹೇಗೆ ವಿಗ್ರಹಾರಾಧನೆಯೋ, ದೇಶದ ಭದ್ರತೆಯ ಹೆಸರನ್ನು, ತಮ್ಮ ಸಂಘಟನೆಯನ್ನು ದೇವರಾಗಿಸುವುದೂ ಹಾಗೆಯೇ ಎಂದು ವಿವರಿಸಿದರು. 1979ರ ಅಕ್ಟೋಬರ್‌ನಲ್ಲಿ ಯುವ ಸೇನಾಧಿಕಾರಿಗಳು ಸರ್ಕಾರ ಉರುಳಿಸಿ ಸುಧಾರಣೆಯ ಮಾತಾಡಿದಾಗ, ಅವರಿಗೊಂದು ಅವಕಾಶ ಕೊಡೋಣ ಎಂಬ ಧಾಟಿಯಲ್ಲಿ ಮಾತಾಡಿ ಎಡಪಂಥೀಯರಿಂದಲೂ ಬೈಸಿಕೊಂಡರು.

ಹೆಚ್ಚು ನೋವು ಕೊಟ್ಟದ್ದು ಸ್ವಂತ ಮನೆಯವರು. ದೇಶದ ಬಿಷಪ್‌ಗಳಲ್ಲಿ ರಿವೇರಾ ಇ ದಮಾಸ್ ಒಬ್ಬರನ್ನು ಬಿಟ್ಟರೆ ಉಳಿದವರು ಅವರ ವಿರುದ್ಧವಿದ್ದರು. ರೋಮ್‌ಗೆ ದೂರುಗಳು ಹೋದವು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಕಂಡು, ಕೊಲೆಗಳ ದಾಖಲೆಗಳನ್ನು ಒಪ್ಪಿಸಿದಾಗಲೂ ನಿರೀಕ್ಷಿಸಿದ್ದ ಬೆಂಬಲ ಸಿಗದೆ ನೊಂದು ಮರಳಿದರು.

ಅವರು ವಾಸವಿದ್ದದ್ದು ಅರಮನೆಯಲ್ಲಲ್ಲ. ಬಡ ಕ್ಯಾನ್ಸರ್ ರೋಗಿಗಳಿಗಾಗಿ ಸನ್ಯಾಸಿನಿಯರು ನಡೆಸುತ್ತಿದ್ದ ಆಸ್ಪತ್ರೆಯ ಆವರಣದ ಸಣ್ಣ ಮನೆಯಲ್ಲಿ. ಸಾವು ಹತ್ತಿರ ಬರುತ್ತಿರುವುದು ಅವರಿಗೆ ಗೊತ್ತಿತ್ತು. 1980ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಪತ್ರ ಬರೆದು, ಸಾಲ್ವಡಾರ್ ಸೈನ್ಯಕ್ಕೆ ನೆರವು ಕೊಡಬೇಡಿ, ಅದು ಜನರನ್ನು ದಮನಿಸಲು ಬಳಕೆಯಾಗುತ್ತದೆ ಎಂದು ಕೇಳಿಕೊಂಡರು. ಕಳಿಸುವ ಮೊದಲು ಅದನ್ನು ಜನರ ಮುಂದೆ ಓದಿ ಒಪ್ಪಿಗೆ ಪಡೆದರು. ಮಾರ್ಚ್ 9ರಂದು ಅವರು ಪೂಜೆ ಮಾಡಿದ ದೇವಾಲಯದಲ್ಲಿ ಸಿಡಿಯದೆ ಉಳಿದ ಡೈನಮೈಟ್ ತುಂಬಿದ ಪೆಟ್ಟಿಗೆ ಸಿಕ್ಕಿತು.

ಮಾರ್ಚ್ 23ರ ಭಾನುವಾರ ಅವರು ನೇರವಾಗಿ ಸೈನಿಕರನ್ನು ಉದ್ದೇಶಿಸಿ ಮಾತಾಡಿದರು. ನೀವು ಕೊಲ್ಲುತ್ತಿರುವುದು ನಿಮ್ಮದೇ ಅಣ್ಣತಮ್ಮಂದಿರನ್ನು ಎಂದು ನೆನಪಿಸಿದರು. ಕೊಲ್ಲಬಾರದೆಂಬ ದೇವರ ಕಟ್ಟಳೆಗೆ ವಿರುದ್ಧವಾದ ಆಜ್ಞೆಯನ್ನು ಯಾವ ಸೈನಿಕನೂ ಪಾಲಿಸಬೇಕಿಲ್ಲ ಎಂದು ತಿಳಿಸಿದರು. ದಮನವನ್ನು ನಿಲ್ಲಿಸಿ ಎಂದು ಬೇಡಿಕೊಂಡರು, ಕೊನೆಗೆ ದೇವರ ಹೆಸರಿನಲ್ಲಿ ಆಜ್ಞಾಪಿಸಿದರು.

ಮರುದಿನ ಸಂಜೆ ಆಸ್ಪತ್ರೆಯ ಪುಟ್ಟ ಪ್ರಾರ್ಥನಾಲಯದಲ್ಲಿ ಬಲಿಪೂಜೆ ನಡೆಸುತ್ತಿದ್ದರು. ಬಾಗಿಲ ಬಳಿ ಬಂದು ನಿಂತ ಕಾರಿನಿಂದ ಒಂದೇ ಒಂದು ಗುಂಡು ಹಾರಿತು. ಅವರು ಪೀಠದ ಬಳಿಯೇ ಕುಸಿದರು. ಆಗ ಅವರಿಗೆ 62 ವರ್ಷ. ಮಾರ್ಚ್ 30ರ ಅಂತ್ಯಸಂಸ್ಕಾರಕ್ಕೆ ಸೇರಿದ್ದ ಜನಸಾಗರದ ನಡುವೆಯೂ ಬಾಂಬ್ ಸಿಡಿದು ಗುಂಡು ಹಾರಿ ಹಲವರು ಸತ್ತರು. ಮುಂದೆ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75 ಸಾವಿರ ಜನ ಬಲಿಯಾದರು.

1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ, ಈ ಕೊಲೆಗೆ ಆದೇಶ ಕೊಟ್ಟವರು ಮಾಜಿ ಸೇನಾಧಿಕಾರಿ ರಾಬರ್ತೊ ದಬಿಸ್ಸೋನ್ ಎಂದು ವರದಿ ಮಾಡಿತು. ಅಷ್ಟರಲ್ಲಿ ಆತ ಒಂದು ರಾಜಕೀಯ ಪಕ್ಷ ಕಟ್ಟಿ, ಅಧ್ಯಕ್ಷ ಚುನಾವಣೆಗೂ ನಿಂತು, ಕಾಯಿಲೆಯಿಂದ ತೀರಿಹೋಗಿದ್ದರು. ವರದಿ ಬಂದ ಕೆಲವೇ ದಿನಗಳಲ್ಲಿ ಸಂಸತ್ತು ಯುದ್ಧಕಾಲದ ಅಪರಾಧಗಳಿಗೆ ಕ್ಷಮಾದಾನದ ಕಾನೂನು ತಂದಿತು. ಚರ್ಚ್ ಕೂಡ ಅವರನ್ನು ಒಪ್ಪಿಕೊಳ್ಳಲು ದಶಕಗಳನ್ನೇ ತೆಗೆದುಕೊಂಡಿತು. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2018ರ ಅಕ್ಟೋಬರ್ 14ರಂದು ರೊಮೆರೊ ಅವರನ್ನು ಸಂತ ಎಂದು ಘೋಷಿಸಲಾಯಿತು. ಈಗ ಆ ದೇಶದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಧರ್ಮ ರಾಜಕೀಯಕ್ಕೆ ಬರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳಬೇಕು: ಬಂದು ಏನು ಮಾಡುತ್ತದೆ? ತನಗೆ ಸೀಟು, ಜಾಗ, ಸವಲತ್ತು ಕೇಳುತ್ತದೆಯೇ, ಅಥವಾ ಬಾಯಿಲ್ಲದವರ ಪರವಾಗಿ ಮಾತಾಡುತ್ತದೆಯೇ? ತನ್ನವರು ಸತ್ತಾಗ ಮಾತ್ರ ಅಳುತ್ತದೆಯೇ, ಎದುರಾಳಿ ಸತ್ತಾಗಲೂ ತಪ್ಪನ್ನು ತಪ್ಪೆನ್ನುತ್ತದೆಯೇ? ಆ ಮಾತಿನ ಬೆಲೆಯನ್ನು ತಾನು ತೆರುತ್ತದೆಯೇ, ಹಿಂಬಾಲಕರ ತಲೆಗೆ ಕಟ್ಟುತ್ತದೆಯೇ? ಈ ಪ್ರಶ್ನೆ ಚರ್ಚಿಗಷ್ಟೇ ಮೀಸಲಲ್ಲ. ಮಠ, ಮಸೀದಿ, ಮಂದಿರಗಳಿಗೂ, ವಿದ್ಯಾರ್ಥಿ ಸಂಘಟನೆಗಳಿಗೂ ಒಪ್ಪುತ್ತದೆ.

ನಮ್ಮ ತಲೆಮಾರಿಗೆ ಸಿಟ್ಟು ತೋರಿಸಲು ಸಾಧನಗಳಿಗೆ ಬರವಿಲ್ಲ. ಫಾರ್ವರ್ಡ್ ಮಾಡಲು ಒಂದು ಬೆರಳು ಸಾಕು. ಆದರೆ ಒಂದು ಘಟನೆ ನಿಜವೇ ಎಂದು ವಿಚಾರಿಸಿ, ನೊಂದವರ ಮನೆಗೆ ಹೋಗಿ ಕೇಳಿ, ಹೆಸರು ತಪ್ಪದಂತೆ ಬರೆದುಕೊಳ್ಳಲು ಸಮಯ ಬೇಕು, ತಾಳ್ಮೆ ಬೇಕು. ಸಾನ್ ಸಾಲ್ವಡಾರ್‌ನ ಆ ಕಾನೂನು ವಿದ್ಯಾರ್ಥಿಗಳ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಅವರು ವಾರವಿಡೀ ಬರೆದ ಪಟ್ಟಿ ಇಲ್ಲದಿದ್ದರೆ ಭಾನುವಾರ ಆರ್ಚ್‌ಬಿಷಪ್ ಕೈಯಲ್ಲಿ ಓದಲು ಏನೂ ಇರುತ್ತಿರಲಿಲ್ಲ.