ಗ್ಲಾಸ್ಟರಿನ ರಾಬರ್ಟ್ ರೇಕ್ಸನ ಚರಿತ್ರೆ

ಆದಿತ್ಯವಾರದಲ್ಲಿ ಮಕ್ಕಳನ್ನು ಪಾಠಕ್ಕೆ ಕೂಡಿಸುವ ಪದ್ಧತಿಯನ್ನು ರೇಕ್ಸನಿಗಿಂತ ಮುಂಚೆ ಕೆಲವರು ನಡಿಸಿದ್ದುಂಟು. ಆದರೂ ಅದು ದೇಶದೇಶಗಳಿಗೆ ಹಬ್ಬಿದ್ದು ಅವನಿಂದಲೇ. ಅವನು 1736ರಲ್ಲಿ ಇಂಗ್ಲೆಂಡ್ ದೇಶದ ಗ್ಲಾಸ್ಟರ್ ಪಟ್ಟಣದಲ್ಲಿ ಹುಟ್ಟಿದನು. 1757ರಲ್ಲಿ ತಂದೆಯ ಅಚ್ಚುಕೂಟವೂ ವೃತ್ತಪತ್ರಿಕೆಯೂ ಅವನ ಕೈಗೆ ಬಂದವು. ಅನೇಕ ವರುಷ ಅವನು ಸೆರೆಯಲ್ಲಿದ್ದವರ ಕಷ್ಟನಿವಾರಣೆಗೆ ಪ್ರಯಾಸಪಟ್ಟನು. ಅಜ್ಞಾನವೇ ಬಹು ಜನರನ್ನು ಅಲ್ಲಿಗೆ ನೂಕಿತೆಂದು ಕಂಡನು.

ಆ ಪಟ್ಟಣದಲ್ಲಿ ಗುಂಡುಸೂಜಿಯ ಕಾರ್ಖಾನೆಗಳಿದ್ದವು. ಬಡಮಕ್ಕಳು ಆರು ದಿನ ದುಡಿದು ಏಳನೆಯ ದಿನ ಬೀದಿಯಲ್ಲಿ ಗದ್ದಲಮಾಡುತ್ತಾ ಬೈದಾಡುತ್ತಾ ತಿರುಗುತ್ತಿದ್ದರು. 1780ರಲ್ಲಿ ಅವನು ಥಾಮಸ್ ಸ್ಟಾಕ್ ಎಂಬ ಬೋಧಕನೊಡನೆ ಸೇರಿ ಅವರಿಗಾಗಿ ಶಾಲೆಯನ್ನು ತೆರೆದನು. ಕಲಿಸುವದಕ್ಕೆ ನಾಲ್ವರು ಹೆಂಗಸರು ನೇಮಕವಾದರು. ಅವರ ದಿನದ ಸಂಬಳ ಒಂದು ಶಿಲ್ಲಿಂಗ್. ಹತ್ತು ಗಂಟೆಯಿಂದ ಹನ್ನೆರಡರ ವರೆಗೆ ಪಾಠ, ಒಂದು ಗಂಟೆಗೆ ತಿರಿಗಿ ಪಾಠ, ಅನಂತರ ದೇವಾಲಯ, ಆಮೇಲೆ ಐದೂವರೆಯ ತನಕ ಪ್ರಶ್ನೋತ್ತರ. ದಣಿದ ಮಗುವನ್ನು ಅಷ್ಟು ಹೊತ್ತು ಕೂಡಿಸುವದು ಸುಲಭವಲ್ಲವೆಂದು ದನಕಾಯುವ ಹುಡುಗರಿಗೆ ಪಾಠ ಹೇಳಿರುವ ನಾವು ಬಲ್ಲೆವು.

ಒಳ್ಳೇ ಬಟ್ಟೆಯಿಲ್ಲವೆಂಬ ನಾಚಿಕೆಯಿಂದ ಮೊದಲು ಅನೇಕರು ಬರಲೇ ಇಲ್ಲ. ಮೈಮೇಲಿರುವ ಅಂಗಿಯಲ್ಲೇ ಬರಬಹುದು, ಮುಖವೂ ಕೈಗಳೂ ಶುದ್ಧವಾಗಿ ತಲೆ ಬಾಚಿದ್ದರೆ ಸಾಕೆಂದು ರೇಕ್ಸನು ತಿಳಿಸಿದನು. ಚೆನ್ನಾಗಿ ನಡೆದುಕೊಂಡವರಿಗೆ ಚಿಕ್ಕ ಪುಸ್ತಕ, ಬಾಚಣಿಗೆ, ಪಾದರಕ್ಷೆಗಳನ್ನು ಕೊಟ್ಟನು. ಬಾಚಣಿಗೆಯಿಲ್ಲದವನಿಗೆ ತಲೆ ಬಾಚೆಂದು ಬರೀ ಅಪ್ಪಣೆ ಕೊಟ್ಟರೆ ಫಲವೇನು? ಹಟಮಾರಿಗಳನ್ನು ಮನೆಗೆ ಕರೆದೊಯ್ದು ಹೆತ್ತವರಿಂದ ಹೊಡಿಸಿದ್ದೂ ಉಂಟೆಂದು ಅವನ ಹಳೇ ಶಿಷ್ಯರು ಮುಪ್ಪಿನಲ್ಲಿ ಹೇಳಿದರು. ಅದನ್ನು ನಾವು ಹೊಗಳುವದಿಲ್ಲ.

ಆದರೆ ಇನ್ನೊಂದು ಸಂಗತಿಯೂ ಹೇಳಲ್ಪಟ್ಟಿದೆ. ಒಬ್ಬ ಹುಡುಗಿಯು ತಾಯಿಗೆ ಎದುರುಬಿದ್ದು, ಎಷ್ಟು ದಂಡಿಸಿದರೂ ಕ್ಷಮೆ ಬೇಡದೆ ಮುಖ ಊದಿಸಿಕೊಂಡಿದ್ದಳು. ಅವರನ್ನು ನೋಡಲು ಬಂದ ರೇಕ್ಸನು ಅವಳಿಗೆ ಬದಲಾಗಿ ತಾನೇ ತಾಯಿಯ ಮುಂದೆ ಮೊಣಕಾಲೂರಿ ಕ್ಷಮೆ ಬೇಡಿದನು. ಹುಡುಗಿಯು ತಡೆಯಲಾರದೆ ಅತ್ತುಬಿಟ್ಟಳು.

ಮೂರು ವರುಷ ಕೆಲಸದ ಫಲವನ್ನು ನೋಡಿದ ಮೇಲೆಯೇ, 1783ರ ನವೆಂಬರದಲ್ಲಿ, ಅವನು ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿದನು. ಸಬ್ಬತ್ ದಿನದಲ್ಲಿ ಅಕ್ಷರ ಕಲಿಸುವದು ಪಾಪವೆಂದು ಕೆಲವರು ಆಕ್ಷೇಪಿಸಿದರು. ಶಾಲೆಗಳು ಮಾತ್ರ ಹೆಚ್ಚುತ್ತಲೇ ಹೋದವು.

ರೇಕ್ಸನು 1811ರಲ್ಲಿ ತೀರಿಕೊಂಡನು. ಅವನು ಮೊದಲೇ ಗೊತ್ತುಮಾಡಿದ್ದಂತೆ, ಶವದ ಹಿಂದೆ ನಡೆದು ಬಂದ ಶಾಲೆಯ ಪ್ರತಿ ಮಗುವಿಗೂ ಒಂದು ಶಿಲ್ಲಿಂಗ್ ಹಾಗೂ ಒಣದ್ರಾಕ್ಷೆ ಹಾಕಿದ ಒಂದು ಸಿಹಿರೊಟ್ಟಿ ಕೊಡಲ್ಪಟ್ಟಿತು.