ವಿಜ್ಞಾನಾಚಾರ್ಯ ಸರ್ ಸಿ. ವಿ. ರಾಮನ್

ಮಳೆಗಾಲದಲ್ಲಿ ಗೋಕಾಕ ಜಲಪಾತದ ತುಂತುರುಗಳ ಮೇಲೆ ಬಿಸಿಲು ಬಿದ್ದಾಗ ಕಾಮನಬಿಲ್ಲು ಮೂಡುವುದುಂಟು. ಅದರ ಬಣ್ಣಗಳೆಲ್ಲ ಬಿಸಿಲಿನಲ್ಲಿ ಮೊದಲೇ ಅಡಗಿದ್ದವು. ನೀರಹನಿಗಳು ಅವನ್ನು ಬೇರ್ಪಡಿಸಿದುವು, ಅಷ್ಟೆ. ಆದರೆ ಬೀಳುವ ಬೆಳಕಿನಲ್ಲಿ ಇಲ್ಲದ ಬಣ್ಣವೊಂದು ವಸ್ತುವಿನ ಅಣುಗಳ ಸಂಪರ್ಕದಿಂದ ಹೊಸದಾಗಿ ಹುಟ್ಟಬಲ್ಲುದೆ? ಹುಟ್ಟಬಲ್ಲುದೆಂದು ಪ್ರಯೋಗದಿಂದ ತೋರಿಸಿಕೊಟ್ಟ ಮಹನೀಯರು ಸರ್ ಚಂದ್ರಶೇಖರ ವೆಂಕಟರಾಮನ್ ಅವರು.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ನರು, 1907ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಎಂ.ಎ. ಮುಗಿಸಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ತೆರಳಿದರು. ಹಗಲು ಕಚೇರಿಯ ಲೆಕ್ಕಪತ್ರ; ಬೆಳಗು ಬೈಗುಗಳಲ್ಲಿ ಬೌಬಜಾರಿನ ವಿಜ್ಞಾನಸಂಸ್ಥೆಯಲ್ಲಿ ಪ್ರಯೋಗಗಳ ಕಾಯಕ. 1917ರಲ್ಲಿ ಆ ದೊಡ್ಡ ಸಂಬಳದ ಹುದ್ದೆಯನ್ನು ತೊರೆದು ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಏರಿದರು. ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರಲ್ಲದಿದ್ದರೂ ಅನೇಕ ಸಂಶೋಧಕರಿಗೆ ಅವರು ಗುರುಗಳಾದರು.

1923ರಲ್ಲಿ ಅಮೆರಿಕದ ಕಾಂಪ್ಟನ್ನರು, ಎಕ್ಸ್-ಕಿರಣವು ಎಲೆಕ್ಟ್ರಾನಿಗೆ ತಾಗಿ ಚದರುವಾಗ ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುವುದೆಂದು ತೋರಿಸಿದರು. ಕಣ್ಣಿಗೆ ಕಾಣುವ ಬೆಳಕಿಗೂ ಇಂಥದೊಂದು ಗತಿ ಇರಬೇಕೆಂದು ರಾಮನ್ನರು ತರ್ಕಿಸಿದರು. ಶಿಷ್ಯರಾದ ಕೆ. ಎಸ್. ಕೃಷ್ಣನ್ನರೊಡನೆ ನಡೆಸಿದ ಪ್ರಯೋಗಗಳು 1928ರ ಫೆಬ್ರವರಿ 28ರಂದು ಫಲಿಸಿದುವು. ಅಣುವು ತನ್ನ ಕಂಪನಕ್ಕೆ ಬೇಕಾದಷ್ಟು ಶಕ್ತಿಯನ್ನು ಬೆಳಕಿನಿಂದ ಸ್ವೀಕರಿಸುತ್ತದೆ. ಮಿಕ್ಕ ಬೆಳಕು ಬಣ್ಣ ಬದಲಿಸಿ ಹೊರಬೀಳುತ್ತದೆ. ಇದೇ ರಾಮನ್ ಪರಿಣಾಮ. 1930ರಲ್ಲಿ ನೊಬೆಲ್ ಪಾರಿತೋಷಕವು ಅವರನ್ನು ಅರಸಿ ಬಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ನಿರ್ದೇಶಕರಾಗಿ ಬಂದ ಮೇಲೆ ಕರ್ನಾಟಕವೇ ಅವರ ಮನೆಯಾಯಿತು. ಇಲ್ಲಿ ಅವರು ವಜ್ರದ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ, 1940ರಲ್ಲಿ ನೀಲಕಂಠನ್ನರೊಡನೆ, ಆ ಕಿರಣಗಳೇ ಸ್ಫಟಿಕದ ಕಂಪನವನ್ನು ಎಬ್ಬಿಸುತ್ತವೆಂದು ಪ್ರತಿಪಾದಿಸಿದರು. ಸ್ಫಟಿಕಕಂಪನದ ಬಗೆಗಿನ ಅವರ ಸಿದ್ಧಾಂತವನ್ನು, ಹಿಂದೆ ತಾವೇ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನರು ಒಪ್ಪಲಿಲ್ಲ. ವಾದ ಬೆಳೆಯಿತು, ಸ್ನೇಹ ಸೊರಗಿತು. ವಿದ್ವಲ್ಲೋಕವು ಬಾರ್ನರ ಗಣಿತವನ್ನೇ ಅಂಗೀಕರಿಸಿತು; ರಾಮನ್ನರು ಮಾತ್ರ ತಮ್ಮ ಮತವನ್ನು ಬಿಡಲಿಲ್ಲ. ಪ್ರಯೋಗದಲ್ಲಿ ಅದ್ವಿತೀಯರಾದವರೂ ಸಿದ್ಧಾಂತದಲ್ಲಿ ಎಡವಬಹುದೆಂಬುದನ್ನು ಮುಚ್ಚಿಡುವುದರಿಂದ ಅವರ ಕೀರ್ತಿಯೇನೂ ಹೆಚ್ಚದು.

1970ರ ನವೆಂಬರ್ 21ರಂದು ಅವರು ಕಾಲವಶರಾದರು. ಅವರ ಇಚ್ಛೆಯಂತೆ, ತಾವೇ ಕಟ್ಟಿದ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನೆರವೇರಿತು.

ಎಕ್ಸ್-ಕಿರಣದಿಂದ ಹೊಳೆದ ವಿಚಾರವು ಅವರ ಕಾಲಾನಂತರ ಎಕ್ಸ್-ಕಿರಣಕ್ಕೇ ಮರಳಿತು. 2009ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪ್ರಖರ ಎಕ್ಸ್-ಕಿರಣ ಲೇಸರ್ ಬೆಳಗಿತು. ಅದರ ಮಿಂಚುಗಳ ಅವಧಿಯನ್ನು ಫೆಮ್ಟೊಸೆಕೆಂಡುಗಳಲ್ಲಿ ಅಳೆಯುತ್ತಾರೆ. ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಫೆಮ್ಟೊಸೆಕೆಂಡು. ಇಂಥ ಮಿಂಚುಗಳಿಂದ ಪ್ರಚೋದಿತ ರಾಮನ್ ಚದರಿಕೆ ನಿಯಾನ್ ಅನಿಲದಲ್ಲಿ ಕಂಡುಬಂದುದನ್ನು 2013ರಲ್ಲಿಯೂ, ನೈಟ್ರಿಕ್ ಆಕ್ಸೈಡ್ ಅಣುವಿನಲ್ಲಿ ಕಂಡುಬಂದುದನ್ನು 2020ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದರು. ಆ ಪ್ರಖರತೆಗೆ ಅಣುವೇ ಸಿಡಿದು ಹೋಗಬಹುದಾದುದರಿಂದ, ಏನು ನಡೆಯಬಹುದೆಂದು ಮೊದಲೇ ಗಣಿಸಿಕೊಡುವ ಸೈದ್ಧಾಂತಿಕರು ಬೇಕು. ಇಂದು ಆ ಗಣನೆಯೇ ಡಾಕ್ಟರೇಟ್ ಸಂಶೋಧನೆಯ ವಿಷಯವಾಗಿದೆ.

ಆ ಶಾಸ್ತ್ರಕ್ಕೆ ಮೊದಲು ಬೇಕಾದುದು ಗಣಿತ, ತಾಳ್ಮೆ ಹಾಗೂ ತಪ್ಪನ್ನು ತಿದ್ದಿಕೊಳ್ಳುವ ವಿನಯ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಯ ಶಾಲೆಗಳಲ್ಲಿಯೂ ಈ ಮೂರನ್ನು ಕಲಿಸಬಹುದು. ಕಾಮನಬಿಲ್ಲನ್ನು ಕಂಡು ಏಕೆಂದು ಕೇಳುವ ಬಾಲಕ ಬಾಲಕಿಯರಿಗೆ ಉತ್ತರವನ್ನು ತಾವೇ ಅರಸುವ ದಾರಿ ತೋರುವುದೇ ರಾಮನ್ನರಿಗೆ ಸಲ್ಲುವ ನಿಜವಾದ ಗೌರವ.