ಗಿಲ್ಬರ್ಟ್ ಬ್ರಿಗ್ಸ್

ಗಿಲ್ಬರ್ಟ್ ಆರ್ಥರ್ ಬ್ರಿಗ್ಸ್ (1890–1978) ಇಂಗ್ಲೆಂಡಿನ ಧ್ವನಿವರ್ಧಕ ತಯಾರಕರು, ಲೇಖಕರು ಹಾಗೂ ವಾರ್ಫ್‌ಡೇಲ್ ಸಂಸ್ಥೆಯ ಸ್ಥಾಪಕರು. ಮುದ್ರಿತ ಸಂಗೀತವನ್ನು ಮೂಲ ನಾದಕ್ಕೆ ಸಾಧ್ಯವಾದಷ್ಟು ಹತ್ತಿರವಾಗಿ ಮನೆಯಲ್ಲಿಯೇ ಕೇಳುವ ಹೈ-ಫೈ ಹವ್ಯಾಸವು ಬ್ರಿಟನ್ನಿನಲ್ಲಿ ಜನಪ್ರಿಯವಾಗಲು ಅವರ ಧ್ವನಿವರ್ಧಕಗಳು, ಪುಸ್ತಕಗಳು ಮತ್ತು ಸಾರ್ವಜನಿಕ ಪ್ರದರ್ಶನಗಳು ಮುಖ್ಯ ಕಾರಣಗಳಾದವು. ಧ್ವನಿವರ್ಧಕದ ಗುಣವನ್ನು ಉಪಕರಣಗಳಿಂದ ಅಳೆಯುವುದರ ಜೊತೆಗೆ ಕಿವಿಯಿಂದಲೂ ಪರೀಕ್ಷಿಸಬೇಕೆಂಬುದು ಅವರ ಕೆಲಸದುದ್ದಕ್ಕೂ ಕಂಡುಬರುವ ನಿಲುವು.

ಆರಂಭಿಕ ಜೀವನ

ಬ್ರಿಗ್ಸ್ ಯಾರ್ಕ್‌ಷೈರ್ ಪ್ರಾಂತ್ಯದ ಬ್ರಾಡ್‌ಫರ್ಡ್ ಬಳಿಯ ಕ್ಲೇಟನ್ ಎಂಬಲ್ಲಿ ಜನಿಸಿದರು. ಬ್ರಾಡ್‌ಫರ್ಡ್ ಆಗ ಉಣ್ಣೆ ಬಟ್ಟೆಯ ದೊಡ್ಡ ಕೇಂದ್ರವಾಗಿತ್ತು. ಬ್ರಿಗ್ಸ್ ಕೂಡ ಹಲವು ವರ್ಷಗಳ ಕಾಲ ಜವಳಿ ವ್ಯಾಪಾರದಲ್ಲಿಯೇ ದುಡಿದರು. ಪಿಯಾನೊ ವಾದ್ಯದ ಮೇಲೆ ಅವರಿಗಿದ್ದ ಒಲವು ಜೀವನದ ಕೊನೆಯವರೆಗೂ ಉಳಿಯಿತು. ರೇಡಿಯೊ ಮತ್ತು ಗ್ರಾಮಫೋನ್‌ಗಳಲ್ಲಿ ಆ ವಾದ್ಯದ ನಾದ ಸಹಜವಾಗಿ ಕೇಳಿಸಬೇಕೆಂಬ ಆಸೆ ಅವರನ್ನು ಧ್ವನಿವರ್ಧಕಗಳ ಪ್ರಯೋಗದತ್ತ ಸೆಳೆಯಿತು. 1930ರ ದಶಕದ ಆರಂಭದಲ್ಲಿ ಆರ್ಥಿಕ ಕುಸಿತದಿಂದ ಜವಳಿ ವ್ಯಾಪಾರ ನೆಲಕಚ್ಚಿದಾಗ, ನಲವತ್ತು ದಾಟಿದ್ದ ಅವರು ಈ ಹವ್ಯಾಸವನ್ನೇ ಜೀವನೋಪಾಯವಾಗಿ ಮಾಡಿಕೊಂಡರು.

ವಾರ್ಫ್‌ಡೇಲ್ ಸಂಸ್ಥೆ

1932ರಲ್ಲಿ ಬ್ರಿಗ್ಸ್ ಇಲ್ಕ್‌ಲಿ ಪಟ್ಟಣದಲ್ಲಿದ್ದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಧ್ವನಿವರ್ಧಕ ತಯಾರಿಕೆಯನ್ನು ಆರಂಭಿಸಿದರು. ಇಲ್ಕ್‌ಲಿ ಇರುವುದು ವಾರ್ಫ್ ನದಿಯ ಕಣಿವೆಯಲ್ಲಿ. ಆ ಕಣಿವೆಯ ಹೆಸರೇ ಸಂಸ್ಥೆಯ ಹೆಸರಾಯಿತು. ಅದೇ ಅವಧಿಯಲ್ಲಿ ಬ್ರಾಡ್‌ಫರ್ಡ್ ರೇಡಿಯೊ ಸಂಘದ ಸ್ಪರ್ಧೆಯೊಂದರಲ್ಲಿ ಅವರ ಧ್ವನಿವರ್ಧಕಗಳು ಮೊದಲ ಮತ್ತು ಎರಡನೆಯ ಬಹುಮಾನಗಳನ್ನು ಪಡೆದವು. ಮುಂದೆ ತಯಾರಿಕೆ ಬ್ರಾಡ್‌ಫರ್ಡ್‌ಗೆ ಸ್ಥಳಾಂತರಗೊಂಡಿತು.

1945ರಲ್ಲಿ ಸಂಸ್ಥೆಯು ಎರಡು ಘಟಕಗಳ ಧ್ವನಿವರ್ಧಕವನ್ನು ತಯಾರಿಸಿತು. ಮಂದ್ರ ಸ್ವರಗಳಿಗೆ ಹೆಚ್ಚು ಗಾಳಿಯನ್ನು ತಳ್ಳಬಲ್ಲ ಅಗಲವಾದ ಕೋನ್ ಬೇಕು; ತಾರ ಸ್ವರಗಳಿಗೆ ಅತಿ ವೇಗವಾಗಿ ಕಂಪಿಸಬಲ್ಲ ಹಗುರವಾದ ಚಿಕ್ಕ ಕೋನ್ ಬೇಕು. ಒಂದೇ ಕೋನ್ ಈ ಎರಡು ಕೆಲಸಗಳನ್ನೂ ಸಮನಾಗಿ ಮಾಡಲಾರದು. ಆದ್ದರಿಂದ ಸಂಕೇತವನ್ನು ಕ್ರಾಸ್‌ಓವರ್ ಮಂಡಲದ ಮೂಲಕ ವಿಭಜಿಸಿ ಎರಡು ಘಟಕಗಳಿಗೆ ಹಂಚಲಾಗುತ್ತಿತ್ತು.

ಪೆಟ್ಟಿಗೆಯ ಹಲಗೆಗಳು ಕೋನ್ ಜೊತೆಗೆ ತಾವೂ ಕಂಪಿಸಿ ಸಂಗೀತದಲ್ಲಿಲ್ಲದ ಸದ್ದನ್ನು ಸೇರಿಸುವುದು ಆ ಕಾಲದ ದೊಡ್ಡ ತೊಡಕಾಗಿತ್ತು. ಇದಕ್ಕೆ ಬ್ರಿಗ್ಸ್ ಬಳಸಿದ ಪರಿಹಾರ ಸರಳವಾದದ್ದು: ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳನ್ನು ತುಂಬುವುದು. ಹಲಗೆ ಅಲುಗಿದಾಗ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತವೆ. 1950ರ ದಶಕದ ಎಸ್‌ಎಫ್‌ಬಿ/3 ಮಾದರಿಯಲ್ಲಿ ಪೂರ್ಣ ಪೆಟ್ಟಿಗೆಯ ಬದಲು ಮರಳು ತುಂಬಿದ ಇಂತಹ ಹಲಗೆಯ ಮೇಲೆಯೇ ಘಟಕಗಳನ್ನು ಅಳವಡಿಸಲಾಗಿತ್ತು. ತಾರ ಸ್ವರಗಳ ಚಿಕ್ಕ ಘಟಕವು ಮೇಲ್ಮುಖವಾಗಿತ್ತು.

ಸಾರ್ವಜನಿಕ ಪ್ರದರ್ಶನಗಳು

1954ರಲ್ಲಿ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ತಮ್ಮ ಧ್ವನಿವರ್ಧಕಗಳನ್ನು ಬಹಿರಂಗ ಪರೀಕ್ಷೆಗೆ ಒಡ್ಡಿದರು. ವೇದಿಕೆಯ ಮೇಲೆ ಕಲಾವಿದರು ನುಡಿಸಿದ ಸಂಗೀತವನ್ನೂ ಅದರ ಧ್ವನಿಮುದ್ರಣವನ್ನೂ ಒಂದರ ಬೆನ್ನಿಗೊಂದು ಕೇಳಿಸಿ, ಹೋಲಿಕೆಯನ್ನು ಸಭಿಕರಿಗೇ ಬಿಡಲಾಯಿತು. ಪೀಟರ್ ವಾಕರ್ ಅವರ ಕ್ವಾಡ್ ಆಂಪ್ಲಿಫೈಯರ್‌ಗಳನ್ನು ಇದಕ್ಕೆ ಬಳಸಲಾಗಿತ್ತು.

ಈ ಪರೀಕ್ಷೆ ಸುಲಭವಾದದ್ದಲ್ಲ. ಸುಮಾರು 3,000 ಜನ ಕೂರಬಹುದಾದ ಸಭಾಂಗಣವನ್ನು ಮನೆ ಬಳಕೆಗೆಂದು ರೂಪಿಸಿದ ಧ್ವನಿವರ್ಧಕಗಳು ತುಂಬಬೇಕಿತ್ತು. ಮುದ್ರಣದಲ್ಲಿ ಮೊದಲೇ ಸೇರಿರುವ ಪ್ರತಿಧ್ವನಿಗೆ ಸಭಾಂಗಣದ ಪ್ರತಿಧ್ವನಿಯೂ ಕೂಡಿದರೆ ನಾದ ಮಸುಕಾಗುವ ಅಪಾಯವೂ ಇತ್ತು. ಮೂಲ ಸಂಗೀತ ಎದುರಿಗೇ ಇದ್ದುದರಿಂದ ಯಾವ ಕೊರತೆಯನ್ನೂ ಮರೆಮಾಚುವಂತಿರಲಿಲ್ಲ. ಆದರೂ ಕಾರ್ಯಕ್ರಮದ ಟಿಕೆಟ್‌ಗಳು ಪೂರ್ಣವಾಗಿ ಮಾರಾಟವಾದವು. 1955ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿಯೂ ಇಂತಹ ಪ್ರದರ್ಶನ ನಡೆಯಿತು.

ಬರಹಗಳು

ಬ್ರಿಗ್ಸ್ ತಮ್ಮ ಪುಸ್ತಕಗಳನ್ನು ಸಂಸ್ಥೆಯ ಮೂಲಕವೇ ಪ್ರಕಟಿಸಿದರು. 1948ರ ‘ಲೌಡ್‌ಸ್ಪೀಕರ್ಸ್’ ಸಾಮಾನ್ಯ ಓದುಗರಿಗಾಗಿ ಬರೆದ ಕೃತಿ. 1958ರ ವೇಳೆಗೆ ಅದು ಐದನೆಯ ಆವೃತ್ತಿಯನ್ನು ಕಂಡಿತು. 1949ರಲ್ಲಿ ‘ಸೌಂಡ್ ರೀಪ್ರೊಡಕ್ಷನ್’, 1951ರಲ್ಲಿ ‘ಪಿಯಾನೋಸ್, ಪಿಯಾನಿಸ್ಟ್ಸ್ ಅಂಡ್ ಸೋನಿಕ್ಸ್’, 1961ರಲ್ಲಿ ‘ಆಡಿಯೊ ಬಯಾಗ್ರಫೀಸ್’ ಮತ್ತು 1967ರಲ್ಲಿ ‘ಅಬೌಟ್ ಯುವರ್ ಹಿಯರಿಂಗ್’ ಪ್ರಕಟವಾದವು. ಗಣಿತವನ್ನು ಮಿತಿಯಲ್ಲಿಟ್ಟು, ರೇಖಾಚಿತ್ರಗಳು ಮತ್ತು ತಿಳಿಹಾಸ್ಯದ ಮೂಲಕ ವಿಷಯವನ್ನು ವಿವರಿಸುವುದು ಅವರ ಶೈಲಿ.

ಧ್ವನಿವರ್ಧಕದ ಆಯ್ಕೆ

ಮನೆಗೆ ಧ್ವನಿವರ್ಧಕವನ್ನು ಆರಿಸಿಕೊಳ್ಳುವವರಿಗೆ ಬ್ರಿಗ್ಸ್ ಅವರ ಕೃತಿಗಳು ಮುಖ್ಯವಾಗಿ ಮೂರು ಸಂಗತಿಗಳನ್ನು ಪರಿಚಯಿಸಿದವು. ಮೊದಲನೆಯದು ಕೋಣೆ. ಒಂದೇ ಧ್ವನಿವರ್ಧಕವನ್ನು ಗೋಡೆಯಿಂದ ದೂರವಿಟ್ಟಾಗ ಕೇಳುವುದಕ್ಕಿಂತ ಮೂಲೆಯಲ್ಲಿಟ್ಟಾಗ ಮಂದ್ರ ಸ್ವರಗಳು ಹೆಚ್ಚು ಗಟ್ಟಿಯಾಗಿ ಕೇಳುತ್ತವೆ. ದಪ್ಪ ಪರದೆ, ಜಮಖಾನೆಗಳು ತಾರ ಸ್ವರಗಳನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿದ್ದು ಮನೆಯಲ್ಲಿ ಹಾಗೆಯೇ ಕೇಳಿಸಬೇಕೆಂದಿಲ್ಲ. ಎರಡನೆಯದು ಕಿವಿ. ವಯಸ್ಸಾದಂತೆ ಹೆಚ್ಚಿನ ಆವರ್ತನದ ಸ್ವರಗಳನ್ನು ಕೇಳುವ ಶಕ್ತಿ ಕುಂದುತ್ತದೆ. ಹೀಗಾಗಿ ಯುವಕರಿಗೆ ಕರ್ಕಶವೆನಿಸುವ ನಾದ ಹಿರಿಯರಿಗೆ ಹಿತವಾಗಿರಬಹುದು. ಮೂರನೆಯದು ಅಭಿರುಚಿ. ಪಿಯಾನೊ, ಆರ್ಗನ್ ಮತ್ತು ಮಾನವ ಕಂಠ ಧ್ವನಿವರ್ಧಕದ ಬೇರೆ ಬೇರೆ ಗುಣಗಳನ್ನು ಪರೀಕ್ಷೆಗೆ ಒಡ್ಡುತ್ತವೆ. ಅಳತೆಗಳು ದೋಷ ಎಲ್ಲಿದೆ ಎಂಬುದನ್ನು ತೋರಿಸಬಲ್ಲವು; ಯಾವ ದೋಷವನ್ನು ಸಹಿಸಬಹುದು ಎಂಬುದು ಕೇಳುಗರ ನಿರ್ಧಾರ.

ನಂತರದ ವರ್ಷಗಳು ಮತ್ತು ಪ್ರಭಾವ

1958ರಲ್ಲಿ ವಾರ್ಫ್‌ಡೇಲ್ ಸಂಸ್ಥೆಯನ್ನು ರ‍್ಯಾಂಕ್ ಆರ್ಗನೈಸೇಷನ್‌ಗೆ ಮಾರಲಾಯಿತು. ಬ್ರಿಗ್ಸ್ ಅದಾದ ಮೇಲೂ ಕೆಲವು ವರ್ಷ ಸಂಸ್ಥೆಯಲ್ಲಿದ್ದು, 1960ರ ದಶಕದ ಮಧ್ಯಭಾಗದಲ್ಲಿ ನಿವೃತ್ತರಾದರು. ಅವರ ಜೊತೆ ತಾಂತ್ರಿಕ ಹೊಣೆ ನಿರ್ವಹಿಸಿ, ಹಲವು ಪುಸ್ತಕಗಳಿಗೆ ನೆರವಾದ ರೇಮಂಡ್ ಕುಕ್ 1961ರಲ್ಲಿ ಕೆಇಎಫ್ ಎಂಬ ಧ್ವನಿವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಬ್ರಿಗ್ಸ್ 1978ರಲ್ಲಿ ನಿಧನರಾದರು. ವಾರ್ಫ್‌ಡೇಲ್ ಹೆಸರಿನ ಧ್ವನಿವರ್ಧಕಗಳು 21ನೆಯ ಶತಮಾನದಲ್ಲಿಯೂ ತಯಾರಾಗುತ್ತಿವೆ. ಅವರ ಪುಸ್ತಕಗಳ ಹಳೆಯ ಪ್ರತಿಗಳನ್ನು ಹವ್ಯಾಸಿಗಳು ಇಂದಿಗೂ ಸಂಗ್ರಹಿಸುತ್ತಾರೆ.